ಹೆಸರಿಗೆ ಬಿಟ್ಟ ಜಾಗ

ಇಳಕಲ್ಲಿನ ಕೆಂಪು ಕಲ್ಲ ಹಡಗ ಹತ್ತತೈತಿ.
ನಾ ಹತ್ತಿಲ್ಲ.
ಮಗ್ಗಲಿನಾಗ ಮಾರಿ ಕಾಣೂತನಾ ತಿಕ್ಕಾಂವ ನಾ,
ಹೆಸರ ಅಲ್ಲೇ ಕೆತ್ತತಾರಂತ.
ನಮ್ಮದು ಬರೇ ಜಾಗ.

ಎಲ್ಲಿಗೆ ಹೊಕ್ಕಾವ ಇವು ಅಂತ ಕೇಳಿದ್ದಕ್ಕ
ಸೂಪರ್‌ವೈಸರ್ ಬಸಲಿಂಗಪ್ಪ ಮೊಬೈಲ್ ತಗದ,
ಒಂದು ಕೈಲೆ ರೊಟ್ಟಿ ಮುರಕೋತ:

ಒಂದು ದೇಶದಾಗ ಕರೀ ಗ್ವಾಡಿ.
ಹೆಸರು, ಹೆಸರು, ಬರೇ ಹೆಸರು, ಮ್ಯಾಲೆ ದೇವರಿಲ್ಲ.
ಒಬ್ಬಾಕಿ ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿ
ಗಂಡನ ಹೆಸರ ಮಡಚಿ
ಬ್ಯಾಗಿನಾಗ ಹಾಕ್ಕೊಂಡು ಹ್ವಾದ್ಲು.
ಒಂದು ದೇಶದಾಗ ಅಂಗಿಗೆ ಕಾಗದದ ಕೆಂಪು ಹೂವ;
ಹನ್ನೊಂದು ಗಂಟೆಕ್ಕ, ರಾಜನಿಂದ ಹಿಡಿದು ರಸ್ತಾ ಉಡುಗಾವನ ತನಕ
ಎರಡು ನಿಮಿಷ ಪಿಟ್ ಅನ್ನಂಗಿಲ್ಲ.
ಇನ್ನೊಂದರಾಗ ಸೈರನ್ ಕೂಗಿದ್ರ
ನಡು ಹೈವೇದಾಗ ಕಾರ್ ನಿಲ್ಲಿಸಿ, ಬಾಗಲ ತಗದು, ಇಳಿದು ನಿಲ್ತಾರ.
ಮತ್ತ ಒಂದೂರು, ಸಣ್ಣದು,
ದಿನಾ ರಾತ್ರಿ ಎಂಟಕ್ಕ ಕಹಳೆ, ಮಳಿ ಇರ್ಲಿ ಚಳಿ ಇರ್ಲಿ.
ನೂರು ವರ್ಷಕ್ಕ ಬಂತಂತ.
ನಡುವ ನಿಂತದ್ದು ಒಮ್ಮೆ, ಇನ್ನೊಂದು ಯುದ್ಧ ಬಂದಾಗ.

"ಹೆಸರ ಗೊತ್ತಿಲ್ಲದಾವಗೂ ಗೋರಿ ಐತಿ," ಅಂದ ಬಸಲಿಂಗಪ್ಪ.
ಯಾರಂವ?
"ಯಾರೋ. ಅದಕ್ಕ ಅಂತನ ಕಟ್ಟ್ಯಾರ."

ನಮ್ಮಲ್ಲಿ ಎರಡು ನಿಮಿಷ ಮೌನ ಆಗಬೇಕಂದ್ರ
ಕರೆಂಟ್ ಹೋಗಬೇಕು.
ಅಷ್ಟರಾಗ ಹೋತು. ಕಟರ್ ನಿಂತು, ನೀರಿನ ಪೈಪ್ ನಿಂತು,
ಕಿವ್ಯಾಗ ಅಷ್ಟ ಇನ್ನೂ ಗರಗರ ತಿರಗತಿತ್ತು.

ನಮ್ಮೂರ ಹೊಲದಾಗ ಒಂದು ಕಲ್ಲೈತಿ, ಮೂರು ಅಂಕಣದ್ದು.
ಕೆಳಗ ಕತ್ತಿ ಹಿಡಿದಾಂವ, ಹಿಂದ ಆಕಳ;
ನಡುವ ಇಬ್ಬರು ಹೆಣ್ಣಮಕ್ಕಳು
ರಟ್ಟಿ ಹಿಡಿದು ಎತ್ತಿಕೊಂಡು ಹೊಂಟಾರ;
ಮ್ಯಾಲೆ ಲಿಂಗದ ಮುಂದ ಕುಂತಾನ, ಮುಗೀತಪಾ ಅನ್ನೂಹಂಗ.
ನೆತ್ತಿಗೆ ಸೂರ್ಯ ಚಂದ್ರ.
ಯಾರ ಆಕಳಕ್ಕ ಸತ್ತ, ಯಾರಿಗೂ ನೆನಪಿಲ್ಲ.
ಎಮ್ಮಿ ಬೆನ್ನ ತಿಕ್ಕಿ ತಿಕ್ಕಿ ಮೂಗ ಸವದು
ಈಗ ಅಂವ ಹೊಲದವ್ವ ಆಗ್ಯಾನ:
ಅಮಾಸಿಗೆ ಎಣ್ಣಿ, ಕುಂಕುಮ, ಗುಳೇದಗುಡ್ಡದ ಖಣ.
ಬಾಜೂಕ್ಕ ನಿಂತು ನೋಡಿದ್ರ ಮೀಸಿ ಕಾಣತೈತಿ.
ನಾ ಯಾರಿಗೂ ಹೇಳಿಲ್ಲ.

ಗುರಸಂಗವ್ವನ ಮಗ ಮುದಕಪ್ಪ ಬರ್ಫಿನಾಗ ಹ್ವಾದ.
ಪೆಟಿಗಿ ಬಂತು, ಧ್ವಜ ಬಂತು, ಮೂರೂರ ಮಂದಿ ಬಂತು.
ಸರ್ಕಲ್ಲಿಗೆ ಹೆಸರಿಟ್ರು. ಸ್ಮಾರಕಕ್ಕ ಅಡಿಗಲ್ಲಿಟ್ರು.
ಹನ್ನೆರಡು ವರ್ಷಾತು, ಅಡಿಗಲ್ಲಿನ ಮ್ಯಾಲೆ ಇನ್ನೊಂದು ಕಲ್ಲ ಬಂದಿಲ್ಲ.
ಅದರಾಗ ಹದಿನಾಲ್ಕು ಮಂದಿ ಗಣ್ಯರು, ಹುದ್ದೆ ಸಹಿತ;
ಮುದಕಪ್ಪ ಕಡೀ ಸಾಲಿನ್ಯಾಗ.
ಜಾಗ ಸಾಲದ ಪೇಂಟರ್ "ಮುದಕ" ಅಂತ ನಿಲ್ಲಿಸ್ಯಾನ.
ಇಪ್ಪತ್ತಾರಕ್ಕ ಸತ್ತಾಂವ, ಮುದಕ.

ಲಾಟ್ ಹದಿನೇಳರಾಗ ಒಂದು ಕಲ್ಲ ರಿಜೆಕ್ಟ್ ಆತು.
ಕೂದಲೆಳಿಯಂಥಾ ಕರಿ ಗೆರಿ.
ಆ ದೇಶದ ಸತ್ತವರಿಗೆ ಗೆರಿ ನಡ್ಯಂಗಿಲ್ಲಂತ.
ಮಾಲಕರನ್ನ ಕೇಳಿ ಟ್ರ್ಯಾಕ್ಟರಿಗೆ ಹಾಕ್ಕೊಂಡು
ಗುರಸಂಗವ್ವನ ಅಂಗಳಕ್ಕ ಹ್ವಾದೆ.

ಏನ್ ಕೆತ್ತಲಿ ಅವ್ವಾ?

ಆಕಿ ಗೆರಿಗುಂಟ ಬಟ್ಟ ಎಳೆದ್ಲು.
ಚಾ ಆರಿತು. ಕೋಳಿ ಎರಡು ಸಲ ಹಾದು ಹ್ವಾತು.
"ಏನೂ ಕೆತ್ತಬ್ಯಾಡ, ಲಾಲಸಾಬ.
ನಾ ಇರೂತನಾ ನನ್ನ ಬಾಯಾಗ ಐತಿ ಅವನ ಹೆಸರ.
ನಾ ಹ್ವಾದಮ್ಯಾಲೆ ಇದಕೂ ಯಾರರ ಖಣ ಉಡಸ್ತಾರ.
ಹೊಲದವ್ವಗ ಮೀಸಿ ಇದ್ದದ್ದು ನನಗ ಗೊತ್ತಿಲ್ಲೇನು?
ಬಸ್‌ಸ್ಟಾಪಿನ್ಯಾಗ ಅಡ್ಡ ಹಾಸು.
ರಜಾ ಮುಗಿಸಿ ಹೋಗೂಮುಂದ ಅಂವ
ಅಲ್ಲಿ ನೆಲಕ್ಕ ಕುಂದರತಿದ್ದ."

ಹಾಸಿದೆ.

ಮೊನ್ನೆ ನಸುಕಿನ ನಾಕೂವರಿಗೆ
ಬೆಳಗಾವಿ ಭರ್ತಿ ರ‍್ಯಾಲಿಗೆ ಹೊಂಟ ಹುಡುಗರು, ಏಳು ಮಂದಿ,
ಸಾಲಾಗಿ ಕುಂತು ಬೂಟಿನ ಲಾಸಿ ಬಿಗದ್ರು.
ಒಬ್ಬಾಂವ ಎದ್ದು ಅದರ ಮ್ಯಾಲೆ ಕಾಲಿಟ್ಟು ಮತ್ತ ಬಿಗದ.
ಬಸ್ಸಿನ ಬೆಳಕ ತಿರುವಿನ್ಯಾಗ ಬಿತ್ತು.
ಪಾಲಿಶಿನ್ಯಾಗ ಅವನ ಮಾರಿ ಕಂಡಿತು,
ಅಡ್ಡ ಒಂದು ಗೆರಿ.